ಎದೆ ಇಪ್ಪತ್ತೆಂಟು ಇಂಚು

ನಾನು ಒಂದು ಹೊಲಿಗೆ ಯಂತ್ರ. ಕಪ್ಪು ಮೈ, ಮೈಮೇಲೆ ಚಿನ್ನದ ಬಣ್ಣದ ಬಳ್ಳಿ, ಹೊಟ್ಟೆಯಲ್ಲಿ ಬಾಬಿನ್ನು. ಹುಟ್ಟಿದ್ದು ಯಾವುದೋ ಚಳಿ ದೇಶದ ಕಾರ್ಖಾನೆಯಲ್ಲಿ. ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿದರು, ತಣ್ಣಗಾದ ಮೇಲೆ ಉಜ್ಜಿದರು, ಎಣ್ಣೆ ಬಿಟ್ಟರು, ಒಂದು ಚಿಂದಿ ಬಟ್ಟೆ ಹೊಲಿಸಿ ನೋಡಿ ಪೆಟ್ಟಿಗೆಗೆ ಹಾಕಿದರು. ಅಲ್ಲಿಗೆ ನನ್ನ ಬಾಲ್ಯ ಮುಗಿಯಿತು. ನನ್ನಂಥ ವಸ್ತುಗಳು ತಮ್ಮ ಕಥೆ ಹೇಳುವಾಗ ಕೊಂಡವರನ್ನೆಲ್ಲ ಹೊಗಳಿ, ಕೊನೆಯಲ್ಲಿ ಬಾಳು ಸಾರ್ಥಕವಾಯಿತು ಅಂತ ಕಣ್ಣೊರೆಸಿಕೊಳ್ಳುವುದುಂಟು. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ನನ್ನ ಬಾಳು ಸಾರ್ಥಕವಾಗಲಿಲ್ಲ, ನನ್ನನ್ನು ಇಟ್ಟುಕೊಂಡವರದೂ ಆಗಲಿಲ್ಲ. ಅದಕ್ಕೆ ಕಾರಣರಾದವರ ಬಗ್ಗೆ ನನಗಿರುವುದು ಶುದ್ಧ ತಿರಸ್ಕಾರ. ಅದನ್ನು ಮುಚ್ಚಿಟ್ಟುಕೊಂಡು ಮರ್ಯಾದೆಯಿಂದ ಮಾತಾಡುವ ವಯಸ್ಸು ನನಗೆ ದಾಟಿದೆ.

ಹಡಗಿನಲ್ಲಿ ಲಂಕೆಗೆ ಬಂದೆ. ಕೊಲಂಬೋದಿಂದ ರೈಲಿನಲ್ಲಿ ಉತ್ತರಕ್ಕೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಪೂವರಸಡಿ ಎಂಬ ತಮಿಳರ ಊರಿಗೆ. ಒಂದು ಕೆರೆ, ಕೆರೆ ಕೆಳಗೆ ಗದ್ದೆ, ಬದುವಿನ ಉದ್ದಕ್ಕೂ ತಾಳೆಮರ, ಆಚೆ ಕಾಡು. ನನ್ನನ್ನು ಕೊಂಡವನು ಟೈಲರ್ ಕನಕರತ್ನಂ. ಆಗ ಹೊಸದಾಗಿ ಮದುವೆಯಾಗಿದ್ದ. ಅವನ ಹೆಂಡತಿ ಮಗೇಸ್ವರಿ ನನ್ನ ಹಣೆಗೆ ಚಂದನ ಕುಂಕುಮ ಇಟ್ಟು ಒಳಗೆ ಕರೆದುಕೊಂಡಳು.

ನಮ್ಮಂಥವರು ಒಡೆಯರನ್ನು ಕೆಳಗಿನಿಂದ ನೋಡುತ್ತೇವೆ. ಮೊದಲು ಪಾದ, ಮುಖ ಆಮೇಲೆ. ಮಗೇಸ್ವರಿಯ ಪಾದ ಪೆಡಲಿನ ಮೇಲೆ ಒಂದೇ ಸಮನೆ ಓಡುತ್ತಿತ್ತು. ಕನಕರತ್ನಂನ ಪಾದ ಹಾಗಲ್ಲ. ಅಂಗಡಿಗೆ ದೊಡ್ಡ ಮನುಷ್ಯರು ಯಾರಾದರೂ ಬಂದರೆ ಸಾಕು, ಹೊಲಿಗೆ ಇರಲಿ ಬಿಡಲಿ, ಅದು ಪೆಡಲನ್ನು ಪಟಪಟ ತುಳಿಯಲು ಶುರು ಮಾಡುತ್ತಿತ್ತು. ಕೆಲಸಗಾರ ಒಳ್ಳೆಯವನೇ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಬೆನ್ನೆಲುಬು ಇರಬೇಕಾದ ಜಾಗದಲ್ಲಿ ಅವನಿಗೆ ಅಳತೆ ಟೇಪು ಇತ್ತು. ಯಾರು ಹಿಡಿದರೆ ಅವರ ಕಡೆಗೆ ಬಾಗುತ್ತಿದ್ದ.

ಅವನ ಹೆಮ್ಮೆಯೆಲ್ಲ ಒಂದು ನೀಲಿ ರಟ್ಟಿನ ಅಳತೆ ಪುಸ್ತಕದಲ್ಲಿತ್ತು. ಪ್ರತಿ ಜನವರಿಯಲ್ಲಿ ಶಾಲೆ ಶುರುವಾಗುವ ಮುಂಚೆ ಊರಿನ ಮಕ್ಕಳೆಲ್ಲ ಬಿಳಿ ಸಮವಸ್ತ್ರಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಮನೆಯ ಹೆಸರು, ಮಗುವಿನ ಹೆಸರು, ಎತ್ತರ, ಎದೆ, ಸೊಂಟ. ಎಲ್ಲವನ್ನೂ ಗುಂಡು ಗುಂಡಾದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಹೋದ ವರ್ಷದಿಂದ ಎಷ್ಟು ಬೆಳೆದಿದ್ದಾರೆ ಅಂತ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು. ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ಎರಡು ಇಂಚು ಒಳಗೆ ಮಡಚಿ ಬಿಡುತ್ತಿದ್ದ. ಮಗು ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಅಂತ. ಊರಿನ ತಾಯಂದಿರು ಅದಕ್ಕೇ ಅವನನ್ನು ಹರಸುತ್ತಿದ್ದರು.

ಮದುವೆಯಾಗಿ ಹದಿನಾಲ್ಕು ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಆ ಹದಿನಾಲ್ಕು ವರ್ಷದಲ್ಲಿ ದೇಶ ಹೊತ್ತಿಕೊಂಡಿತು.

ಅನ್ಯಾಯ ನಡೆದಿತ್ತು. ಅದು ಸುಳ್ಳು ಅನ್ನುವವನ ನಾಲಿಗೆಗೆ ನನ್ನ ಸೂಜಿ ಚುಚ್ಚಲಿ. ಮಗೇಸ್ವರಿಯ ಅಣ್ಣ ಕೊಲಂಬೋದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಒಂದು ಜುಲೈಯಲ್ಲಿ ಸಿಂಹಳೀಯರ ಗುಂಪೊಂದು ಬಂದು, ತಮಿಳನೆಂಬ ಒಂದೇ ಕಾರಣಕ್ಕೆ, ಅಂಗಡಿಗೂ ಅವನಿಗೂ ಸೇರಿಸಿ ಬೆಂಕಿ ಇಟ್ಟಿತು. ಪೊಲೀಸರು ಎದುರಿಗೆ ನಿಂತು ನೋಡಿದರು. ಮಗೇಸ್ವರಿ ನನ್ನ ಮೇಲೆ ತಲೆಯಿಟ್ಟು ಅತ್ತ ಅಳು ನನ್ನ ಕಬ್ಬಿಣಕ್ಕೂ ಇಳಿಯಿತು. ಅದಾದ ಮೇಲೆ ಹುಡುಗರು ಕೋವಿ ಹಿಡಿದರೆ ತಪ್ಪು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಸಿಟ್ಟು ಕೋವಿ ಹಿಡಿದದ್ದಕ್ಕಲ್ಲ. ಹಿಡಿದ ಮೇಲೆ ಅದರ ಬಾಯಿಯನ್ನು ಯಾರ ಕಡೆ ತಿರುಗಿಸಿದರು ಅನ್ನುವುದಕ್ಕೆ.

ಊರಿನಲ್ಲಿ ಅವರನ್ನು ಜನ ಪ್ರೀತಿಯಿಂದ ‘ನಮ್ಮ ಹುಡುಗರು’ ಅನ್ನುತ್ತಿದ್ದರು. ಅವರ ಚಳವಳಿಗೆ ಇಯಕ್ಕಂ ಅಂತ ಹೆಸರು. ಮೊದಲು ನಮ್ಮ ಅಂಗಡಿಗೆ ಬಂದವನು ತವರಾಸಾ. ಹತ್ತನೇ ತರಗತಿ ಎರಡು ಸಲ ಕಟ್ಟಿ ಎರಡು ಸಲವೂ ಮುಗ್ಗರಿಸಿದವನು. ಅವನ ಚಡ್ಡಿಯ ಹಿಂಭಾಗಕ್ಕೆ ಮೂರು ಸಲ ತೇಪೆ ಹಾಕಿದ್ದು ನಾನೇ. ಈಗ ಅವನ ಹೆಸರು ‘ಮಿನ್ನಲ್’ ಅಂತೆ, ಅಂದರೆ ಮಿಂಚು. ತೇಪೆ ಹಾಕಿಸಿಕೊಳ್ಳುವಾಗ ಗೋಡೆಗೆ ಬೆನ್ನು ಕೊಟ್ಟು ನಾಚಿಕೊಂಡು ನಿಲ್ಲುತ್ತಿದ್ದ ಮಿಂಚು.

“ಟೈಲರಣ್ಣೈ, ನೂರು ಬಾವುಟ ಬೇಕು. ದೇಶಕ್ಕಾಗಿ,” ಅಂದ.

“ಯಾವ ದೇಶ ತಂಬಿ?”

“ನಮ್ಮದು. ಇನ್ನೆರಡು ವರ್ಷದಲ್ಲಿ ಬರುತ್ತೆ.”

ಹೊಲಿದೆವು. ತಮಾಷೆ ನೋಡಿ, ಮುಂದಿನ ವಾರ ಇನ್ನೊಂದು ಗುಂಪು ಬಂದು ಇನ್ನೊಂದು ಚಿತ್ರದ ಬಾವುಟ ಕೇಳಿತು. ಆಮೇಲೆ ಮತ್ತೊಂದು. ಬರಲಿರುವ ಆ ಒಂದು ದೇಶಕ್ಕೆ ಐದು ಗುಂಪು, ಐದು ಬಾವುಟ. ಐದನ್ನೂ ಒಂದೇ ಕೆಂಪು ಬಟ್ಟೆಯ ಸುರುಳಿಯಿಂದ ಕತ್ತರಿಸಿದ್ದು. ಮೂರು ವರ್ಷ ಕಳೆಯುವಷ್ಟರಲ್ಲಿ ಮಿನ್ನಲ್‌ನ ಗುಂಪು ಉಳಿದ ನಾಲ್ಕರ ಹುಡುಗರನ್ನು ಬೀದಿ ಬೀದಿಯಲ್ಲಿ ಹಿಡಿದು ಸುಟ್ಟು ಹಾಕಿತು. ಅವರೂ ತಮಿಳರೇ, ಅವರ ಚಡ್ಡಿಗೂ ನಾನೇ ತೇಪೆ ಹಾಕಿದ್ದೆ. ಸಿಂಹಳೀಯರ ಗುಂಪು ಮಗೇಸ್ವರಿಯ ಅಣ್ಣನಿಗೆ ಮಾಡಿದ್ದನ್ನೇ ಇವರು ಕೆರೆ ಏರಿಯ ಮೇಲೆ ಶಾಲೆಯ ಲೆಕ್ಕದ ಮೇಷ್ಟ್ರಿಗೆ ಮಾಡಿದರು. ಆತ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದ, ಅಷ್ಟೇ. ಕನಕರತ್ನಂ ಅಂಗಡಿಯಲ್ಲಿ ಉಳಿದಿದ್ದ ನಾಲ್ಕು ನಮೂನೆಯ ಬಾವುಟಗಳನ್ನು ಹರಿದು ಜೇಬಿನ ಒಳಬಟ್ಟೆ ಮಾಡಿದ. ಬಟ್ಟೆ ದಂಡವಾಗಬಾರದಲ್ಲ.

ಆಮೇಲೆ ಅವರದೇ ರಾಜ್ಯ. ಅವರದೇ ಪೊಲೀಸು, ಅವರದೇ ಕೋರ್ಟು, ಗಡಿಯಲ್ಲಿ ಅವರದೇ ಚೀಟಿ. ಊರು ಬಿಟ್ಟು ಹೋಗಲೂ ಅಪ್ಪಣೆ ಬೇಕು. ಕನಕರತ್ನಂನನ್ನು ಸಮವಸ್ತ್ರದ ಜವಾಬ್ದಾರಿ ಹೊತ್ತವನು ಅಂತ ನೇಮಿಸಿದರು. ಹಲಗೆಯ ಮೇಲೆ ಹೆಸರು ಬರೆಸಿ ಅಂಗಡಿಗೆ ತೂಗುಹಾಕಿಕೊಂಡ. ಕಾಡಿನ ಪಟ್ಟೆ ಬಣ್ಣದ ಬಟ್ಟೆ ಗೋಣಿಗಟ್ಟಲೆ ಬರತೊಡಗಿತು. ಪ್ಯಾಂಟು, ಅಂಗಿ, ಗುಂಡಿನ ಚೀಲ. ಕುತ್ತಿಗೆಗೆ ಕಟ್ಟಿಕೊಳ್ಳುವ ಕಪ್ಪು ದಾರಕ್ಕೆ ಬೆರಳುದ್ದದ ಬಟ್ಟೆಯ ಚೀಲವೂ ನಮ್ಮದೇ. ಅದರೊಳಗೆ ವಿಷದ ಗುಳಿಗೆ. ಸೈನ್ಯದ ಕೈಗೆ ಸಿಕ್ಕಿಬಿದ್ದರೆ ಕಚ್ಚಿ ಸಾಯಬೇಕು. ಹೇಗೆ ಕಚ್ಚಬೇಕು ಅಂತ ಮಿನ್ನಲ್ ಶಾಲೆ ಮೈದಾನದಲ್ಲಿ ನಿಂತು ಹುಡುಗರಿಗೆ ಹೇಳಿಕೊಡುತ್ತಿದ್ದ. ಅವನ ಕತ್ತಿನಲ್ಲೂ ಒಂದು ನೇತಾಡುತ್ತಿತ್ತು, ಅಂಗಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ.

ಯುದ್ಧದ ಸುದ್ದಿಗೆ ಜನ ರೇಡಿಯೋ ಕೇಳುತ್ತಿದ್ದರು. ಅವರ ರೇಡಿಯೋದಲ್ಲಿ ಯಾವತ್ತೂ ಗೆಲುವೇ. ನನಗೆ ರೇಡಿಯೋ ಬೇಕಿರಲಿಲ್ಲ, ಅಳತೆಯ ಚೀಟಿಯೇ ಸಾಕಿತ್ತು. ಮೊದಲ ವರ್ಷಗಳಲ್ಲಿ ಎದೆ ಮೂವತ್ತೆಂಟು, ಮೂವತ್ತಾರು ಬರುತ್ತಿತ್ತು. ಗಂಡಸರ ಎದೆ. ನಡುವೆ ಮೂವತ್ತನಾಲ್ಕಕ್ಕೆ ಇಳಿಯಿತು. ಆಮೇಲೆ ಮೂವತ್ತು. ಹೆಣ್ಣುಮಕ್ಕಳ ಅಳತೆ ಬರತೊಡಗಿತು. ಕೊನೆಕೊನೆಗೆ ಇಪ್ಪತ್ತೆಂಟು, ಇಪ್ಪತ್ತೇಳು. ಅಂಥ ಮೈಗೆ ಮುಂಚೆ ನಾನು ಬಿಳಿ ಶರ್ಟು ಹೊಲಿಯುತ್ತಿದ್ದೆ. ಅಭ್ಯಾಸಬಲದಿಂದ ಕನಕರತ್ನಂ ಒಂದು ಸಲ ಆ ಪುಟ್ಟ ಪ್ಯಾಂಟುಗಳ ಅಂಚಿನಲ್ಲಿ ಎರಡು ಇಂಚು ಮಡಚಿಬಿಟ್ಟ. ಮಿನ್ನಲ್ ಅದನ್ನು ಎತ್ತಿ ನೋಡಿ ನಕ್ಕ.

“ಅಣ್ಣೈ, ಇವರಿಗೆ ಬೆಳೆಯೋ ಮಡಿಕೆ ಯಾಕೆ? ಬಟ್ಟೆ ದಂಡ.”

ಕನಕರತ್ನಂನೂ ನಕ್ಕ. ಥೂ, ಆ ನಗು ಕೇಳಿ ನನ್ನ ಸೂಜಿ ಮುರಿಯಬಾರದಿತ್ತೇ ಅನ್ನಿಸಿತು. ಮುರಿಯಲಿಲ್ಲ. ಹೊಲಿದೆ. ನನ್ನನ್ನೂ ಸೇರಿಸಿಯೇ ಬೈಯುತ್ತಿದ್ದೇನೆ, ತಿಳಿದುಕೊಳ್ಳಿ.

ಹದಿನಾಲ್ಕು ವರ್ಷದ ಹರಕೆಯ ಮೇಲೆ ಹುಟ್ಟಿದ ಮಗಳು ನಳಾಯಿನಿ ಇಷ್ಟರಲ್ಲಿ ಹದಿನಾರು ದಾಟಿದ್ದಳು. ಕಡ್ಡಿಯಂಥ ಹುಡುಗಿ, ನೋಡಿದರೆ ಹನ್ನೆರಡು ಅನ್ನಬೇಕು. ಮನೆಯಲ್ಲಿ ಅವಳನ್ನು ಪಿಳ್ಳೈ ಅನ್ನುತ್ತಿದ್ದರು, ಮಗು ಅಂತ. ನನ್ನ ಪಕ್ಕದ ಮಣೆಯ ಮೇಲೆ ಕೂತು ಕಾಜ ಹೊಲಿಯುತ್ತ ಬೆಳೆದವಳು. ಅವಳು ಹತ್ತಿರವಿದ್ದರೆ ಮಗೇಸ್ವರಿಯ ಪಾದ ಹಗುರವಾಗುತ್ತಿತ್ತು. ಆ ಮನೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಏನಾದರೂ ಇದ್ದರೆ ಅದು ಆ ಹುಡುಗಿ ಒಂದೇ.

ಆಗ ಬಂತು ಮನೆಗೊಂದು ಮಗು ಅನ್ನುವ ಅಪ್ಪಣೆ. ಪ್ರತಿ ಮನೆಯಿಂದ ಒಬ್ಬರನ್ನು ಇಯಕ್ಕಂಗೆ ಕೊಡಬೇಕು. ದೇಶ ಬರುವುದು ಇಷ್ಟರಲ್ಲೇ ಇದೆ ಅಂತ ಇಪ್ಪತ್ತನಾಲ್ಕನೇ ವರ್ಷವೂ ಹೇಳುತ್ತಿದ್ದರು. ಜನ ಮಕ್ಕಳನ್ನು ಅಟ್ಟದಲ್ಲಿ, ಹೊಂಡದಲ್ಲಿ, ಭತ್ತದ ಕಣಜದಲ್ಲಿ ಬಚ್ಚಿಟ್ಟರು. ವಯಸ್ಸು ಕಡಿಮೆ ಹೇಳಿದರು. ಮಿನ್ನಲ್ ಒಂದು ಮಧ್ಯಾಹ್ನ ಜೀಪಿನಿಂದ ಇಳಿದು ಅಂಗಡಿಗೆ ಬಂದ. ಕನಕರತ್ನಂನ ಪಾದ ಪಟಪಟ ಶುರುಮಾಡಿತು.

“ಅಣ್ಣೈ, ನಿಮ್ಮ ಆ ನೀಲಿ ಪುಸ್ತಕ ಎರಡು ದಿನಕ್ಕೆ ಬೇಕಿತ್ತು.”

“ಅಳತೆ ಪುಸ್ತಕವಾ? ಅದ್ಯಾಕೆ ತಂಬಿ?”

“ಜನ ಸುಳ್ಳು ಹೇಳ್ತಾರೆ. ಮಗಳಿಗೆ ಹನ್ನೊಂದೇ ಅಂತಾರೆ, ಮಗನೇ ಇಲ್ಲ ಅಂತಾರೆ. ಯಾವ ಮನೇಲಿ ಯಾರು ಎಷ್ಟು ಬೆಳೆದಿದ್ದಾರೆ ಅಂತ ನಿಮ್ಮ ಪುಸ್ತಕ ಸುಳ್ಳು ಹೇಳಲ್ಲ ನೋಡಿ.”

ಆ ಮನುಷ್ಯ ಹೆದರಿ ಕೊಟ್ಟಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಕೋವಿಯ ಮುಂದೆ ಯಾರು ತಾನೆ ಹೆದರುವುದಿಲ್ಲ? ಆದರೆ ಅವನ ಮುಖ ಅರಳಿತು.

“ಅದು ನಿಜ ತಂಬಿ. ನನ್ನ ಟೇಪು ಅರ್ಧ ಇಂಚೂ ತಪ್ಪಲ್ಲ,” ಅಂದ. ಪುಸ್ತಕದ ಧೂಳು ಒರೆಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಜೀಪು ಹೋದ ಮೇಲೆ ಮಗೇಸ್ವರಿ ಅಡಿಗೆಮನೆಯಿಂದ ಓಡಿಬಂದಳು.

“ಏನು ಮಾಡಿಬಿಟ್ರಿ ನೀವು! ಊರಿನ ಮಕ್ಕಳನ್ನೆಲ್ಲ ಒಂದೇ ಗಂಟಲ್ಲಿ ಕಟ್ಟಿ ಕೊಟ್ಟುಬಿಟ್ರಲ್ಲ!”

“ಕೇಳಿದರು, ಕೊಟ್ಟೆ. ನಮ್ಮ ಪಿಳ್ಳೈ ಹೆಸರು ಅದರಲ್ಲಿಲ್ಲ. ಅವಳಿಗೆ ನಾನು ಯಾವತ್ತೂ ಟೇಪು ಹಿಡಿದಿಲ್ಲ, ಕಣ್ಣಳತೆಯಲ್ಲೇ ಹೊಲಿದಿದ್ದು. ನಿನಗ್ಯಾಕೆ ಚಿಂತೆ?”

ಅದಂತೂ ನಿಜ. ಟೈಲರ್ ತನ್ನ ಸ್ವಂತ ಮಗಳ ಅಳತೆ ಬರೆದಿಟ್ಟುಕೊಳ್ಳುತ್ತಾನೆಯೇ? ಇಡೀ ಪೂವರಸಡಿಯಲ್ಲಿ ಪುಸ್ತಕದಲ್ಲಿ ಇಲ್ಲದ ಮಗು ಅವಳೊಬ್ಬಳೇ. ಜೊತೆಗೆ, ಸಮವಸ್ತ್ರದವನ ಮನೆ ಮುಟ್ಟಬಾರದು ಅಂತ ಮಿನ್ನಲ್ ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದ.

ಮೂರು ದಿನದಲ್ಲಿ ಐವತ್ತೆರಡು ಮಕ್ಕಳನ್ನು ಎತ್ತಿಕೊಂಡು ಹೋದರು. ಪಕ್ಕದ ಮನೆಯ ರಾಸಮ್ಮನ ಮಗಳು ದಮಯಂತಿಯನ್ನು ಕಣಜದಿಂದ ಕೂದಲು ಹಿಡಿದು ಎಳೆದರು. ನಳಾಯಿನಿಯೂ ಅವಳೂ ಒಂದೇ ಬೆಂಚಿನವರು. ನಾಲ್ಕನೇ ದಿನ ತಾಯಂದಿರು ನಮ್ಮ ಅಂಗಡಿಯ ಮುಂದೆ ಬಂದು ನಿಂತರು. ಕೂಗಾಡಲಿಲ್ಲ. ಬಗ್ಗಿ ಬಗ್ಗಿ ಹಿಡಿ ಮಣ್ಣು ತೆಗೆದು ಬಾಗಿಲಿಗೆ ತೂರಿದರು. ಮಣ್ಣು ನನ್ನ ಮೈಮೇಲೆಲ್ಲ ಬಿತ್ತು.

“ನನ್ನ ಮಗಳ ಎದೆ ಅಳೆದ ಟೇಪಲ್ಲೇ ನಿನ್ನ ಮಗಳ ಅಳತೆಯೂ ಆಗಲಿ ಕಣೋ, ಪಾಪೀ!” ಅಂದಳು ರಾಸಮ್ಮ.

ಕನಕರತ್ನಂ ಕತ್ತರಿಸುವ ಮೇಜಿನ ಕೆಳಗೆ ಕೂತಿದ್ದ. ಮಗೇಸ್ವರಿ ಬಾಗಿಲಲ್ಲಿ ನಿಂತು ಮಣ್ಣನ್ನೆಲ್ಲ ಮೈಮೇಲೆ ಹಾಕಿಸಿಕೊಂಡಳು. ನಳಾಯಿನಿ ನನ್ನ ಪಕ್ಕದ ಮಣೆಯ ಮೇಲೆ ಕೂತು ಎಲ್ಲವನ್ನೂ ಕೇಳಿದಳು.

ಮಾರನೆಯ ದಿನ ಅಪ್ಪ ಇಯಕ್ಕಂನ ಶಿಬಿರಕ್ಕೆ, ಅಮ್ಮ ಬಾವಿಗೆ ಹೋಗಿದ್ದ ಹೊತ್ತು. ಹುಡುಗಿ ಗೂಟದಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ತನ್ನ ಎದೆಗೆ ಸುತ್ತಿಕೊಂಡಳು. ಒಂಟಿ ಕೈಯಲ್ಲಿ ಸರಿಯಾಗಿ ಹಿಡಿಯಲು ಬರದೆ ಎರಡು ಮೂರು ಸಲ ಜಾರಿತು. ಕೊನೆಗೆ ಟೇಪಿನ ತುದಿಯನ್ನು ನನ್ನ ಸೂಜಿಯ ಬುಡದಲ್ಲಿ ಬಟ್ಟೆ ಒತ್ತಿಹಿಡಿಯುವ ಪಟ್ಟಿಯ ಕೆಳಗೆ ಸಿಕ್ಕಿಸಿ ತಾನೇ ಒಂದು ಸುತ್ತು ತಿರುಗಿ ಅಳೆದುಕೊಂಡಳು. ನಾನು ಹಿಡಿದುಕೊಂಡೆ. ನನಗೇನು ಗೊತ್ತು? ಹೊಸ ರವಿಕೆಗೆ ಅಂದುಕೊಂಡೆ.

ಮುಂದಿನ ಸೋಮವಾರ ಹೊಸಬರ ಅಳತೆ ಚೀಟಿ ಬಂತು. ಕನಕರತ್ನಂ ಎಂದಿನಂತೆ ಗಟ್ಟಿಯಾಗಿ ಓದುತ್ತ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಕೊನೆಯ ಸಾಲಿಗೆ ಬಂದಾಗ ಧ್ವನಿ ನಿಂತಿತು. ಆ ಸಾಲು ಅವಳ ಕೈಬರಹದಲ್ಲೇ ಇತ್ತು. ನಳಾಯಿನಿ, ಪೂವರಸಡಿ, ಎದೆ ಇಪ್ಪತ್ತೆಂಟು, ಸೊಂಟ ಇಪ್ಪತ್ಮೂರು. ಅಂದು ಬೆಳಗ್ಗೆ ಶಾಲೆಗೆ ಅಂತ ಹೊರಟವಳು ನೇರ ಶಿಬಿರಕ್ಕೆ ಹೋಗಿ ಹೆಸರು ಕೊಟ್ಟಿದ್ದಳು. ದಮಯಂತಿಯ ತಾಯಿಯ ಮುಖ ನೋಡಿಕೊಂಡು ಆ ಓಣಿಯಲ್ಲಿ ಬದುಕುವುದು ಅವಳಿಂದ ಆಗಲಿಲ್ಲ. ಅಪ್ಪನಿಗೆ ಇಲ್ಲದ ನಾಚಿಕೆ ಮಗಳಿಗಿತ್ತು.

ಮಗೇಸ್ವರಿ ಎದೆ ಬಡಿದುಕೊಂಡು ಶಿಬಿರಕ್ಕೆ ಓಡಿದಳು, ಕಾವಲಿನವರು ತಳ್ಳಿದರು. ಕನಕರತ್ನಂ ಚೀಟಿ ಹಿಡಿದು ಮಿನ್ನಲ್‌ನ ಹತ್ತಿರ ಹೋದ. “ತಾನಾಗಿ ಬಂದಿದ್ದಾಳೆ ಅಣ್ಣೈ. ಹೆಮ್ಮೆ ಪಡಿ,” ಅಂದನಂತೆ ಅವನು. ಭಾನುವಾರದ ಸಭೆಯಲ್ಲಿ ಟೈಲರನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಆ ಹಾರವನ್ನು ತಂದು ಈ ಮಹಾಶಯ ನನ್ನ ಚಕ್ರಕ್ಕೆ ನೇತುಹಾಕಿದ. ಮಗೇಸ್ವರಿ ಅದನ್ನು ಕಿತ್ತು ಒಲೆಗೆ ಹಾಕಿದಳು. ಹಸಿ ಹೂವು, ಸರಿಯಾಗಿ ಉರಿಯಲೂ ಇಲ್ಲ. ಮನೆಯೆಲ್ಲ ಹೊಗೆಯಾಯಿತು.

ಎರಡು ವರ್ಷದಲ್ಲಿ ರಾಜ್ಯ ಕುಸಿಯಿತು. ಸರ್ಕಾರದ ಸೈನ್ಯ ಪಶ್ಚಿಮದಿಂದ ಒತ್ತಿಕೊಂಡು ಬಂತು. ಇಯಕ್ಕಂ ಹಿಂದೆ ಸರಿಯುತ್ತ ಹೋಯಿತು, ಜನರನ್ನೂ ದನದ ಹಾಗೆ ಮುಂದೆ ಅಟ್ಟಿಕೊಂಡು ಹೋಯಿತು. ಜನ ನಡುವೆ ಇದ್ದರೆ ತಾನೇ ಇವರಿಗೆ ಮರೆ? ನಾಯಕರು ನೆಲದಡಿಯ ಕಾಂಕ್ರೀಟಿನಲ್ಲಿ ಕೂತಿದ್ದರು. ನಾವು ಟ್ರ್ಯಾಕ್ಟರಿನಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಹನ್ನೊಂದನೇ ಊರಿನಲ್ಲಿ ಟ್ರ್ಯಾಕ್ಟರಿಗೆ ಎಣ್ಣೆ ಮುಗಿಯಿತು. ನನ್ನ ಕಾಲು, ಪೆಡಲು, ದೊಡ್ಡ ಚಕ್ರ ಎಲ್ಲವನ್ನೂ ಅಲ್ಲೇ ಬಿಟ್ಟರು. ಮಗೇಸ್ವರಿ ನನ್ನ ತಲೆಯನ್ನು ಮಾತ್ರ ಗೋಣಿಯಲ್ಲಿ ಸುತ್ತಿ ಸೊಂಟದ ಮೇಲೆ ಎತ್ತಿಕೊಂಡಳು.

ಕೊನೆಗೆ ಬಂದು ನಿಂತಿದ್ದು ಒಂದು ಮರಳು ಪಟ್ಟಿಯ ಮೇಲೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಲಕ್ಷ ಜನ. ಮೇಲಿಂದ ಸೈನ್ಯದ ಷೆಲ್ಲು ಬೀಳುತ್ತಿತ್ತು. ಆಸ್ಪತ್ರೆ, ಗಂಜಿಯ ಸಾಲು, ಏನನ್ನೂ ಅದು ಬಿಡಲಿಲ್ಲ. ಹಿನ್ನೀರು ದಾಟಿ ಓಡಿದವರಿಗೆ ಹಿಂದಿನಿಂದ ‘ನಮ್ಮ ಹುಡುಗರೇ’ ಗುಂಡು ಹಾರಿಸುತ್ತಿದ್ದರು. ಎರಡೂ ಕಡೆಯವರಿಗೆ ಒಂದೇ ಶಾಪ ನನ್ನದು. ಮರಳಿನಲ್ಲಿ ಹೊಂಡ ತೋಡಿ, ಸುತ್ತ ಮರಳು ಮೂಟೆ ಇಟ್ಟು ಜನ ಅದರೊಳಗೆ ಕೂತರು. ಮೂಟೆಗೆ ಚೀಲ ಎಲ್ಲಿದೆ? ಹೆಂಗಸರು ಮದುವೆಯ ರೇಷ್ಮೆ ಸೀರೆಗಳನ್ನು ತಂದು ಕೊಟ್ಟರು. ಮಗೇಸ್ವರಿ ಕೈಯಿಂದಲೇ ನನ್ನ ಚಕ್ರ ತಿರುಗಿಸಿ ಅವನ್ನು ಚೀಲ ಹೊಲಿದಳು. ಜರಿ ಅಂಚಿನ ಮೂಟೆಗಳ ಹಿಂದೆ ಜನ ಸಾಯುತ್ತಿದ್ದರು.

ಒಂದು ಬೆಳಗ್ಗೆ ನಳಾಯಿನಿ ತೆವಳಿಕೊಂಡು ನಮ್ಮ ಹೊಂಡಕ್ಕೆ ಇಳಿದಳು. ಕಾವಲು ತಪ್ಪಿಸಿ ಓಡಿಬಂದಿದ್ದಳು. ಮೈಮೇಲೆ ನಾನೇ ಹೊಲಿದ ಪಟ್ಟೆ ಅಂಗಿ, ತಲೆಯ ಕೂದಲು ಗಂಡುಹುಡುಗರ ಹಾಗೆ ಮೊಟಕು. ಓಡಿಹೋದರೆ ಗುರುತು ಸಿಗಲಿ ಅಂತ ಹೆಣ್ಣುಮಕ್ಕಳಿಗೆ ಹಾಗೆ ಕತ್ತರಿಸುತ್ತಿದ್ದರು. ದಮಯಂತಿ ಹೋದಳು ಅಂದಳು. ಮಗೇಸ್ವರಿ ಅವಳನ್ನು ಮೂಟೆಗಳ ಹಿಂದೆ ಮಲಗಿಸಿ ಮೇಲೆ ಗೋಣಿ ಹೊದಿಸಿದಳು.

ಅದೇ ದಿನ ಮಧ್ಯಾಹ್ನ ಮಿನ್ನಲ್ ಬಂದ. ಗಡ್ಡ ಬೋಳಿಸಿದ್ದ. ಅತ್ತ ಇತ್ತ ನೋಡಿ ಹೊಂಡದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

“ಅಣ್ಣೈ, ಒಂದು ಸಾದಾ ಶರ್ಟು ಬೇಕು. ಸಾಯಂಕಾಲದ ಒಳಗೆ.”

“ಯಾರಿಗೆ ತಂಬಿ?”

“ನನಗೇ. ರಾಜಕೀಯದ ಕೆಲಸ ಇದೆ. ಜನರ ಜೊತೆ ಆ ಕಡೆಗೆ ಹೋಗಬೇಕು.” ಆಮೇಲೆ ಮಗೇಸ್ವರಿಯ ಕಡೆ ತಿರುಗಿದ. “ಅಕ್ಕಾ, ಕತ್ತರಿ ಕೊಡಿ ಸ್ವಲ್ಪ.”

ಕೊಟ್ಟಳು. ಕತ್ತಿನ ಕಪ್ಪು ದಾರ ಕತ್ತರಿಸಿದ. ಇಪ್ಪತ್ತೈದು ವರ್ಷ ಊರಿನ ಮಕ್ಕಳಿಗೆ ಕಚ್ಚುವುದು ಹೇ‌ಗೆಂದು ಕಲಿಸಿದ ಮಹಾನುಭಾವ ತನ್ನ ಗುಳಿಗೆಯನ್ನು ಕಾಲಿನಿಂದ ಮರಳಿನಲ್ಲಿ ಹೂತ. ಬೆಕ್ಕು ಹೂಳುತ್ತದಲ್ಲ, ಹಾಗೆ. ಆಮೇಲೆ ಎದ್ದು ಹೋದ.

ಉಳಿದಿದ್ದ ಒಳ್ಳೆಯ ಬಟ್ಟೆ ಒಂದೇ. ಶಾಲೆಯ ಸಮವಸ್ತ್ರದ ಎರಡು ಗಜ ಬಿಳಿ ಬಟ್ಟೆ. ಕನಕರತ್ನಂ ಅದನ್ನು ಬಿಡಿಸಿಟ್ಟು, ಸಾಲು ಕರಗುವ ಮುಂಚೆ ಗಂಜಿ ತರುತ್ತೇನೆಂದು ಹೋದ. ಅವನು ಹೋದದ್ದೇ ತಡ, ಮಗೇಸ್ವರಿ ಕತ್ತರಿ ಎತ್ತಿಕೊಂಡಳು. ಮಿನ್ನಲ್‌ನ ನಲವತ್ತು ಇಂಚಿನ ಎದೆಗಲ್ಲ. ಇಪ್ಪತ್ತೆಂಟಕ್ಕೆ. ಶಾಲೆಗೆ ಹೋಗುವ ಹುಡುಗನ ಶರ್ಟು, ಚಿಕ್ಕ ಕಾಲರು, ಎಡಗಡೆ ಒಂದು ಜೇಬು. ಉಳಿದ ತುಂಡಿನಲ್ಲಿ ಚಡ್ಡಿ. ಅವಳ ಕೈ ನನ್ನ ಚಕ್ರವನ್ನು ಒಂದು ಸಲವೂ ತಡೆಯದೆ ತಿರುಗಿಸಿತು. ನನ್ನ ಆಯುಸ್ಸಿನಲ್ಲಿ ಅಷ್ಟು ಮನಸ್ಸಿಟ್ಟು ನಾನು ಹೊಲಿದದ್ದಿಲ್ಲ. ಮೊಟಕು ಕೂದಲಿನ ನಳಾಯಿನಿ ಅದನ್ನು ತೊಟ್ಟಾಗ ಹನ್ನೆರಡರ ಹುಡುಗನೇ. ಪಟ್ಟೆ ಅಂಗಿಯನ್ನು ಮರಳಲ್ಲಿ ಹೂತರು.

ಸಾಯಂಕಾಲ ಮಿನ್ನಲ್ ಬಂದು ಶರ್ಟು ಕೇಳಿದ. ಕನಕರತ್ನಂ ತೊದಲಿದ, ಕೈ ಮುಗಿದ. ಮಗೇಸ್ವರಿ ಹೊಂಡದ ಬಾಯಿಗೆ ಅಡ್ಡ ಕೂತು, “ಬಟ್ಟೆ ಇಲ್ಲ ತಂಬಿ. ಮುಗೀತು,” ಅಂದಳು. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ದೂರದಲ್ಲೊಂದು ಷೆಲ್ಲು ಬಿತ್ತು. ಅವನಿಗೆ ಗುಂಡು ಹಾರಿಸುವಷ್ಟೂ ಪುರುಸೊತ್ತಿರಲಿಲ್ಲ.

“ನಿಮ್ಮದು ಬಿಚ್ಚಿ ಅಣ್ಣೈ,” ಅಂದ.

ಕನಕರತ್ನಂ ಬಿಚ್ಚಿಕೊಟ್ಟ. ಕೊಡುವ ಮುಂಚೆ, ಇದು ಕೇಳಿ, ಸಡಿಲವಾಗಿದ್ದ ಒಂದು ಗುಂಡಿಯನ್ನು ಬೆರಳಲ್ಲಿ ಬಿಗಿ ಮಾಡಿದ. ಬರಿಮೈಯಲ್ಲಿ ನಿಂತ. ದೇಶ ಕೊಡುತ್ತೇನೆಂದವನು ಟೈಲರನ ಬೆವರು ಶರ್ಟು ತೊಟ್ಟು ಜನರ ನಡುವೆ ಮಾಯವಾದ.

ಮಾರನೆಯ ಬೆಳಗ್ಗೆ ಗುಂಡು ಹಾರಿಸಲು ಹುಡುಗರೇ ಉಳಿದಿರಲಿಲ್ಲ. ಜನ ಎದೆಯುದ್ದದ ಹಿನ್ನೀರಿಗೆ ಇಳಿದರು. ಮಗೇಸ್ವರಿ ನನ್ನನ್ನು ತಲೆಯ ಮೇಲೆ ಹೊತ್ತಿದ್ದಳು, ಇನ್ನೊಂದು ಕೈಯಲ್ಲಿ ‘ಹುಡುಗ’. ಆಚೆ ದಡದಲ್ಲಿ ಮುಳ್ಳುತಂತಿ, ಸೈನಿಕರು. ಭಾರದ ಸಾಮಾನು ಬಿಡಿ ಅಂದರು. ನನ್ನನ್ನು ಸೈಕಲ್ಲು, ಪಾತ್ರೆ, ರೇಡಿಯೋಗಳ ರಾಶಿಯ ಮೇಲೆ ಇಟ್ಟಳು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಹೆಂಗಸರನ್ನು ತಪಾಸಣೆಗೆ ತಗಡಿನ ಮರೆಗೆ ಕರೆದೊಯ್ದರು. ಮಕ್ಕಳ ಸಾಲಿನಲ್ಲಿ ಒಬ್ಬ ಸೈನಿಕ ನಳಾಯಿನಿಯ ಮೊಟಕು ತಲೆ ನೇವರಿಸಿ, “ಮಲ್ಲಿ,” ಅಂದ. ಸಿಂಹಳದಲ್ಲಿ ತಮ್ಮ ಅಂತ. ಕೈಗೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಮುಂದೆ ಬಿಟ್ಟ. ದಾಟಿಬಿಟ್ಟಳು! ಆಚೆ ಅಪ್ಪನ ಪಕ್ಕ ಹೋಗಿ ನಿಂತಳು. ನನಗೆ ಬಾಯಿದ್ದಿದ್ದರೆ ಕೂಗುತ್ತಿದ್ದೆ.

ಆಗ ಮೈಕಿನಲ್ಲಿ ತಮಿಳಿನಲ್ಲೇ ಹೇಳಿದರು. ಇಯಕ್ಕಂನಲ್ಲಿ ಒಂದೇ ದಿನ ಇದ್ದವರಾದರೂ ಬಂದು ಹೆಸರು ಬರೆಸಬೇಕು, ವಿಚಾರಣೆ ಮಾಡಿ ಮನೆಗೆ ಕಳಿಸುತ್ತೇವೆ, ಮುಚ್ಚಿಟ್ಟರೆ ಶಿಕ್ಷೆ. ಒಂದು ಮೇಜು, ಮೇಜಿನ ಮೇಲೊಂದು ದಪ್ಪ ಪುಸ್ತಕ, ಪೆನ್ನು ಹಿಡಿದು ಕೂತ ಅಧಿಕಾರಿ. ಕನಕರತ್ನಂನ ಪಾದ ಮರಳನ್ನು ಪಟಪಟ ತುಳಿಯತೊಡಗಿದ್ದನ್ನು ನಾನು ರಾಶಿಯ ಮೇಲಿಂದ ನೋಡಿದೆ.

“ಬೇಡಪ್ಪಾ,” ಅಂದಳು ನಳಾಯಿನಿ.

“ಮುಚ್ಚಿಟ್ಟು ನಾಳೆ ಸಿಕ್ಕಿಬಿದ್ರೆ? ಪುಸ್ತಕದಲ್ಲಿ ಹೆಸರಿದ್ರೆ ಒಂದು ಲೆಕ್ಕ ಅಂತ ಇರುತ್ತೆ ಪಿಳ್ಳೈ. ಬರೆದುಕೊಂಡ ಮೇಲೆ ಅವರೇ ಜವಾಬ್ದಾರಿ.”

ಕೈ ಹಿಡಿದು ಕರೆದುಕೊಂಡು ಹೋದ. ತಾನೇ ಹೇಳಿ ಬರೆಸಿದ. ಹೆಸರು, ಊರು, ಎರಡು ವರ್ಷ. ಹಸಿರು ಬಸ್ಸಿಗೆ ಹತ್ತಿಸಿದರು. ಬಿಳಿ ಶರ್ಟು ಕಿಟಕಿಯಲ್ಲಿ ಒಮ್ಮೆ ಕಂಡಿತು, ಬಸ್ಸು ಹೊರಟಿತು.

ಮಗೇಸ್ವರಿ ತಗಡಿನ ಮರೆಯಿಂದ ಸೀರೆ ಸರಿಮಾಡಿಕೊಳ್ಳುತ್ತ ಬಂದಳು. “ಪಿಳ್ಳೈ ಎಲ್ಲಿ?”

“ಹೆಸರು ಬರೆಸಿ ಬಂದೆ,” ಅಂದ. “ತಪ್ಪಿಲ್ಲದ ಹಾಗೆ ನಿಂತು ಬರೆಸಿದ್ದೀನಿ.”

ಆ ಬಸ್ಸು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರೂ ಹೇಳಿಲ್ಲ. ಕೇಳಿದರೆ ಅಂಥ ಬಸ್ಸೇ ಇರಲಿಲ್ಲ ಅನ್ನುತ್ತಾರೆ.

ನಾನು ವರ್ಷಗಟ್ಟಲೆ ಆ ರಾಶಿಯಲ್ಲಿ ಮಳೆ ತಿಂದೆ. ಆಮೇಲೆ ಲಾರಿ ಬಂದು ಎಲ್ಲವನ್ನೂ ಬಾಚಿಕೊಂಡಿತು. ಈಗ ಹೆದ್ದಾರಿಯ ಪಕ್ಕದ ಒಂದು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಬಳ್ಳಿಯ ಬಣ್ಣ ಹೋಗಿದೆ, ಚಕ್ರ ತುಕ್ಕು ಕಚ್ಚಿ ನಿಂತಿದೆ. ಯಾವತ್ತು ಕರಗಿಸುತ್ತಾರೋ ಕಾಯುತ್ತಿದ್ದೇನೆ. ರಸ್ತೆಯ ಆಚೆ ಒಂದು ಡೇರೆ. ಅದರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಫೋಟೋ ಹಿಡಿದು ಪ್ರತಿ ದಿನ ಕೂರುತ್ತಾರೆ. ಎಂಟು ವರ್ಷ ಆದ ಮೇಲೆ ನಾನು ಮಗೇಸ್ವರಿಯನ್ನು ಮತ್ತೆ ಕಂಡಿದ್ದು ಅಲ್ಲೇ. ಪಕ್ಕದಲ್ಲಿ ರಾಸಮ್ಮ. ಇಬ್ಬರೂ ಒಂದೇ ಚಾಪೆಯ ಮೇಲೆ. ಕನಕರತ್ನಂನನ್ನು ಆ ಡೇರೆಯೊಳಗೆ ಯಾರೂ ಸೇರಿಸುವುದಿಲ್ಲ. ಅವನು ರಸ್ತೆಯ ಈಚೆ, ಈ ಗುಜರಿ ಅಂಗಡಿಯ ತಗಡಿನ ನೆರಳಿನಲ್ಲಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂರುತ್ತಾನೆ. ನನ್ನನ್ನು ಗುರುತಿಸಿಲ್ಲ. ಗುರುತಿಸದಿದ್ದರೇ ಒಳ್ಳೆಯದು.

ಹೋದ ವಾರ ಡೇರೆಯ ಮುಂದೆ ಒಂದು ದೊಡ್ಡ ಕಾರು ನಿಂತಿತು. ಇಳಿದವನು ತವರಾಸಾ. ಮಿನ್ನಲ್ ಅನ್ನುವ ಹೆಸರು ಅಲ್ಲೇ ಮರಳಲ್ಲಿ ಹೂತುಹೋಗಿರಬೇಕು. ಯಾವುದೋ ಚಳಿ ದೇಶದಲ್ಲಿದ್ದು ಬಂದು ಈಗ ಚುನಾವಣೆಗೆ ನಿಂತಿದ್ದಾನಂತೆ. ಹೊಟ್ಟೆ ಬಂದಿದೆ, ಇಸ್ತ್ರಿ ಮಾಡಿದ ಶರ್ಟು, ಹಿಂದೆ ಮೊಬೈಲು ಹಿಡಿದ ಇಬ್ಬರು. ತ್ಯಾಗ, ರಕ್ತ, ಮಣ್ಣು ಅಂತ ಹತ್ತು ನಿಮಿಷ ಮಾತಾಡಿದ. ಆಮೇಲೆ ಒಂದು ಪುಸ್ತಕ ಬಿಚ್ಚಿದ. ಕಾಣೆಯಾದವರ ಪಟ್ಟಿಯನ್ನು ಹೊರದೇಶದ ಸಭೆಯ ಮುಂದೆ ಇಡುತ್ತಾನಂತೆ. ಒಬ್ಬೊಬ್ಬರ ಮುಂದೆ ಬಗ್ಗಿ ಹೆಸರು ಕೇಳುತ್ತ ಬಂದ.

“ಅಕ್ಕಾ, ಮಗಳ ಹೆಸರು ಹೇಳಿ. ಬರೆದುಕೊಳ್ತೀನಿ.”

ಮಗೇಸ್ವರಿ ಫೋಟೋವನ್ನು ತಿರುಗಿಸಿ ಎದೆಗೆ ಒತ್ತಿಕೊಂಡಳು.

“ಕೊಡಲ್ಲ,” ಅಂದಳು.

“ಹೆಸರು ಕೊಡದಿದ್ರೆ ಹೇಗಕ್ಕಾ ಹುಡುಕೋದು?”

“ಕೊಡಲ್ಲ ಅಂದೆ. ಬರೆದುಕೊಂಡವರು ಯಾರೂ ನನ್ನ ಪಿಳ್ಳೈಯನ್ನು ವಾಪಸು ತಂದುಕೊಟ್ಟಿಲ್ಲ.”

ಈಚೆ ಕನಕರತ್ನಂ ಎದ್ದು ನಿಂತಿದ್ದ. ಪಾದ ಪಟಪಟ ನೆಲ ತುಳಿಯುತ್ತಿತ್ತು, ಬಾಯಿ ತೆರೆದಿತ್ತು. ಇನ್ನೇನು ರಸ್ತೆಯಾಚೆಗೆ ಕೂಗಿ ಹೇಳುತ್ತಾನೆ, ಊರು ಸಮೇತ ತಪ್ಪಿಲ್ಲದ ಹಾಗೆ ಹೇಳುತ್ತಾನೆ ಅಂತ ನಾನು ಹಲ್ಲು ಕಚ್ಚಿದೆ. ಮಗೇಸ್ವರಿ ತಲೆಯೆತ್ತಿ ಅವನನ್ನು ನೋಡಿದಳು. ಡೇರೆಯಲ್ಲಿ ನಾನು ಅವಳನ್ನು ಕಂಡಂದಿನಿಂದ ಒಂದು ಸಲವೂ ಹಾಗೆ ನೋಡಿರಲಿಲ್ಲ.

ಅವನ ಪಾದ ನಿಂತಿತು. ಬಾಯಿ ಮುಚ್ಚಿಕೊಂಡು ಕೂತ. ನಾನು ಕಂಡ ಹಾಗೆ, ಕೇಳಿದವರಿಗೆ ಆ ಮನುಷ್ಯ ಮಗುವಿನ ಹೆಸರು ಕೊಡದೆ ಇದ್ದದ್ದು ಅದೇ ಮೊದಲು. ಈಗ ಕೊಡದೆ ಉಳಿಸಿಕೊಳ್ಳಲು ಅವನ ಹತ್ತಿರ ಆ ಹೆಸರು ಬಿಟ್ಟರೆ ಬೇರೇನೂ ಇಲ್ಲ.